ಗೇಟಿನೊಳಗೇ ಗೆಲ್ಲಿ: ಹಸಿರು ಅಂಗಳಕ್ಕೆ 13 ಸೂತ್ರಗಳು

ಮನೆ ಕಟ್ಟಿದ್ದೀರಿ, ಇಲ್ಲವೇ ಕೊಂಡಿದ್ದೀರಿ. ಇಎಂಐ ತಿಂಗಳು ತಿಂಗಳು ತಪ್ಪದೆ ಹೋಗುತ್ತಿದೆ. ಮಾಡ್ಯುಲರ್ ಕಿಚನ್‌ಗೆ ಪ್ಲಾನ್ ಇತ್ತು, ವಾರ್ಡ್‌ರೋಬ್‌ಗೆ ಪ್ಲಾನ್ ಇತ್ತು. ಕಾಂಪೌಂಡಿಗೂ ಮನೆಯ ಗೋಡೆಗೂ ನಡುವೆ ಉಳಿದ ಜಾಗಕ್ಕೆ ಪ್ಲಾನ್ ಮಾಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾಡಿ.

ಅದಕ್ಕೆ ಒಂದೇ ಅಳತೆಗೋಲು ಸಾಕು. ಗೇಟಿನಿಂದ ಒಳಗೆ ಏನು ಬರುತ್ತಿದೆ ಎಂದು ಬರೆಯಿರಿ: ಟ್ಯಾಂಕರ್ ನೀರು, ಯೂರಿಯಾ ಚೀಲ, ಕೀಟನಾಶಕದ ಬಾಟಲಿ. ಹೊರಗೆ ಏನು ಹೋಗುತ್ತಿದೆ ಎಂದೂ ಬರೆಯಿರಿ: ಮಳೆನೀರು, ತರಗೆಲೆ, ತರಕಾರಿ ಸಿಪ್ಪೆ. ಎರಡೂ ಪಟ್ಟಿ ಚಿಕ್ಕದಾದಷ್ಟು ನಿಮ್ಮ ಅಂಗಳ ಗೆಲ್ಲುತ್ತದೆ. ಇಲ್ಲಿನ ಲೆಕ್ಕಗಳು ಬೆಂಗಳೂರಿನವು. ಮೈಸೂರು, ತುಮಕೂರು, ಹುಬ್ಬಳ್ಳಿಯವರು ತಮ್ಮ ಊರಿನ ಮಳೆಯ ಅಂಕಿ ಹಾಕಿಕೊಂಡು ಇದೇ ಸೂತ್ರ ನಡೆಸಿ.

1. ಅಗೆಯುವ ಮುಂಚೆ ಅಳೆಯಿರಿ

ಈ ಭಾನುವಾರ ಟೇಪು ಹಿಡಿದು ಅಂಗಳಕ್ಕೆ ಇಳಿಯಿರಿ. ಹಾಳೆಯ ಮೇಲೆ ಸೈಟಿನ ಚಿತ್ರ ಬರೆಯಿರಿ. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ. ಪಕ್ಕದಲ್ಲಿ ಮೂರಂತಸ್ತಿನ ಮನೆ ಎದ್ದಿರುವ ಬಡಾವಣೆಗಳಲ್ಲಿ ಅರ್ಧ ಅಂಗಳಕ್ಕೆ ಬಿಸಿಲೇ ಬೀಳುವುದಿಲ್ಲ. ಅಲ್ಲಿ ಗುಲಾಬಿ ನೆಟ್ಟರೆ ದುಡ್ಡೂ ದಂಡ, ಗಿಡಕ್ಕೂ ಹಿಂಸೆ.

ಆಮೇಲೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಗಡಿಯಾರ ನೋಡಿ. ಎರಡು ಮೂರು ಗಂಟೆಯಲ್ಲಿ ಖಾಲಿಯಾದರೆ ಮಣ್ಣು ಚೆನ್ನಾಗಿದೆ. ಮಾರನೇ ದಿನವೂ ನೀರು ನಿಂತಿದ್ದರೆ ಮಣ್ಣು ಗಟ್ಟಿಯಾಗಿದೆ, ಅಥವಾ ಕೆಳಗೆ ಕಟ್ಟಡದ ಡೆಬ್ರಿ ಇದೆ. ಹೊಸ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯದೇ. ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು ಎಲ್ಲವನ್ನೂ ಎತ್ತಿ ಹಾಕಿಸಿ, ಒಂದೂವರೆ ಅಡಿ ಕೆಂಪು ಮಣ್ಣು ತುಂಬಿಸಿ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರವಾಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಎಷ್ಟೋ ಜನ ಇದನ್ನು ರೋಗವೆಂದು ತಿಳಿದು ಔಷಧಿ ಅಂಗಡಿಗೆ ಓಡುತ್ತಾರೆ. ನೀವು ಮೊದಲು ಗುದ್ದಲಿ ಹಿಡಿಯಿರಿ.

2. ಸಿಮೆಂಟ್ ಒಡೆಯಿರಿ

ಕಾರು ನಿಲ್ಲುವ ಜಾಗಕ್ಕೆ ಗಟ್ಟಿ ನೆಲ ಬೇಕು, ಸರಿ. ಅದರಲ್ಲೂ ಚಕ್ರ ಹಾಯುವ ಎರಡು ಪಟ್ಟಿ ಸಾಕು. ಉಳಿದ ಕಡೆ ಕಾಂಕ್ರೀಟ್ ಒಡೆದು ಕಲ್ಲು ಚಪ್ಪಡಿ ಹಾಸಿ, ನಡುವೆ ಎರಡಿಂಚು ಬಿಟ್ಟು ಗರಿಕೆ ಹಬ್ಬಿಸಿ. ಮರದ ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು. "ಮಣ್ಣು ಬಿಟ್ಟರೆ ಕೆಸರಾಗುತ್ತದೆ" ಎಂಬ ಅಳುಕು ಬೇಡ. ಬೋಳು ಮಣ್ಣು ಕೆಸರಾಗುತ್ತದೆ. ಗಿಡ ಹಬ್ಬಿದ ಮಣ್ಣು ಕೆಸರಾಗುವುದಿಲ್ಲ.

3. ಲಾನ್ ಹಾಕುವ ಮುನ್ನ ಲೆಕ್ಕ ಹಾಕಿ

ಹುಲ್ಲುಹಾಸು ಯಾರಿಗೆ ಇಷ್ಟವಿಲ್ಲ? ಮಕ್ಕಳು ಉರುಳಾಡಬಹುದು, ಸಂಜೆ ಬರಿಗಾಲಲ್ಲಿ ನಡೆಯಬಹುದು. ಆಸೆ ತಪ್ಪಲ್ಲ, ಆದರೆ ಅದರ ಬೆಲೆ ಗೊತ್ತಿರಲಿ.

20×20 ಅಡಿಯ ಲಾನ್ ಎಂದುಕೊಳ್ಳಿ. ಒಣ ತಿಂಗಳುಗಳಲ್ಲಿ ವಾರಕ್ಕೆ ಒಂದಿಂಚು ನೀರು ಕೊಡುವುದು ಲಾನ್‌ನ ಸಾಮಾನ್ಯ ರೂಢಿ. ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 940 ಲೀಟರ್. ನಗರದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಮಾನದಂಡ ಇಟ್ಟು ನೋಡಿದರೆ ಅದು ಏಳು ಜನರ ಒಂದು ದಿನದ ನೀರು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದಿಂದ, ಮೂರು ಹಂತಗಳಲ್ಲಿ ಪಂಪ್ ಆಗಿ, ಬೆಟ್ಟ ಹತ್ತಿ ಬರುತ್ತಾಳೆ. ಆ ನೀರನ್ನು ಹುಲ್ಲಿಗೆ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಿಯಾದಾಗ ಜಲಮಂಡಳಿ ಕುಡಿಯುವ ನೀರನ್ನು ಗಾರ್ಡನಿಂಗ್‌ಗೆ, ಕಾರು ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ಪ್ರತಿ ಬೇಸಿಗೆಯಲ್ಲೂ ಇದು ಬರಬಹುದೆಂದು ತಿಳಿದೇ ಪ್ಲಾನ್ ಮಾಡಿ.

ಹಾಗಾದರೆ ಏನು ಮಾಡಬೇಕು? ಲಾನ್ ಚಿಕ್ಕದು ಮಾಡಿ. ಕಾಲಿಡುವ ಜಾಗಕ್ಕೆ ಮಾತ್ರ ಹುಲ್ಲು ಇರಲಿ, 8×10 ಅಡಿ ಧಾರಾಳ. ಮೆಕ್ಸಿಕನ್ ಗ್ರಾಸ್ ಕಾರ್ಪೆಟ್ ತಂದು ಹಾಸುವ ಬದಲು ಗರಿಕೆ ಹಾಕಿ. ಗಣಪತಿಗೆ ಏರಿಸುವ ಅದೇ ಗರಿಕೆ. ಕ್ರಿಕೆಟ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಗ್ರಾಸ್ ಕೂಡ ಇದೇ ಕುಲದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಕಂದಾಗುತ್ತದೆ, ಮೇ ತಿಂಗಳ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಕಂದು ಬಣ್ಣ ನೋಡಿ ಗಾಬರಿಯಾಗಬೇಡಿ, ಬೇರು ಬದುಕಿದೆ. ಗರಿಕೆಗೆ ಪೂರ್ತಿ ಬಿಸಿಲು ಬೇಕು ಎಂಬುದು ನೆನಪಿರಲಿ. ನೆರಳಿನ ಮೂಲೆಯಲ್ಲಿ ಹುಲ್ಲಿನ ಆಸೆ ಬಿಟ್ಟು ಒಂದೆಲಗ ಹಬ್ಬಿಸಿ. ನೆಲ ಹಸಿರಾಗುತ್ತದೆ, ವಾರಕ್ಕೊಮ್ಮೆ ತಂಬುಳಿಯೂ ಆಗುತ್ತದೆ.

4. ಹುಲ್ಲನ್ನು ಬೋಳಿಸಬೇಡಿ

ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಎಲೆ ಚಿಕ್ಕದಾದರೆ ಬೇರೂ ಚಿಕ್ಕದಾಗುತ್ತದೆ, ಚಿಕ್ಕ ಬೇರು ದಿನವೂ ನೀರು ಕೇಳುತ್ತದೆ. ಕತ್ತರಿಸಿದ ಹುಲ್ಲನ್ನು ಅಲ್ಲೇ ಉದುರಲು ಬಿಡಿ. ಅದರಲ್ಲಿರುವ ಸಾರಜನಕ ಮಣ್ಣಿಗೆ ಮರಳುತ್ತದೆ, ಯೂರಿಯಾ ಕೊಳ್ಳುವ ಕೆಲಸ ತಪ್ಪುತ್ತದೆ. ನಮ್ಮ ಅಳತೆಯ ಅಂಗಳಕ್ಕೆ ಪೆಟ್ರೋಲ್ ಮೋವರ್ ಬೇಡವೇ ಬೇಡ. ಕೈಯಲ್ಲಿ ತಳ್ಳುವ ಮೋವರ್ ಅಥವಾ ದೊಡ್ಡ ಕತ್ತರಿ ಸಾಕು.

5. ಮಳೆ ಹಿಡಿಯಿರಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡಲು ಸಮಯವಿದೆ ಎಂದಾದರೆ ಇದನ್ನು ಮಾಡಿ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿ.ಮೀ. ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಟೆರೇಸ್ 1,000 ಚದರಡಿ ಇದ್ದರೆ ವರ್ಷಕ್ಕೆ 90,000 ಲೀಟರ್ ಬಿತ್ತು. ಐದರಲ್ಲಿ ಒಂದು ಪಾಲು ಸೋರಿ, ಆವಿಯಾಗಿ ಹೋಯಿತೆಂದರೂ 72,000 ಲೀಟರ್ ಉಳಿಯಿತು. 6,000 ಲೀಟರಿನ ಹನ್ನೆರಡು ಟ್ಯಾಂಕರ್! ಈಗ ಅದೆಲ್ಲ ಡೌನ್‌ಪೈಪಿನಲ್ಲಿ ಇಳಿದು ಚರಂಡಿ ಸೇರುತ್ತಿದೆ. ನೀವು ಕಳೆದುಕೊಂಡಿದ್ದೂ ಅಲ್ಲದೆ ತಗ್ಗಿನ ರಸ್ತೆಯಲ್ಲಿ ಯಾರದೋ ಮನೆಯೊಳಗೆ ನುಗ್ಗುತ್ತಿದೆ.

ಮೊದಲ ಹೆಜ್ಜೆ ತೀರ ಸುಲಭ. ಡೌನ್‌ಪೈಪಿನ ಕೆಳಗೆ 200 ಲೀಟರಿನ ಡ್ರಮ್ಮು ಇಡಿ, ಬಾಯಿಗೆ ಸೊಳ್ಳೆ ಜಾಲರಿ ಬಿಗಿಯಿರಿ, ತಳದಲ್ಲಿ ನಲ್ಲಿ ಕೂರಿಸಿ. ವರ್ಷದ ಮೊದಲ ಮಳೆಯನ್ನು ಹರಿಯಲು ಬಿಡಿ, ಅದು ಟೆರೇಸಿನ ಧೂಳು ತೊಳೆದ ನೀರು. ಎರಡನೇ ಹೆಜ್ಜೆ, ಫಿಲ್ಟರ್ ಹಾಕಿಸಿ ಸಂಪಿಗೆ ತಿರುಗಿಸಿ. ಮೂರನೇ ಹೆಜ್ಜೆ, ಸಂಪು ತುಂಬಿದ ಮೇಲೆ ಉಕ್ಕುವ ನೀರಿಗೆ ಇಂಗುಬಾವಿ. ಮೂರಡಿ ವ್ಯಾಸ, 20ರಿಂದ 30 ಅಡಿ ಆಳ, ಒಳಗೆ ಸಿಮೆಂಟ್ ರಿಂಗ್. ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಬೆಂಗಳೂರಿನ ಸುತ್ತ ಇಂದಿಗೂ ಈ ಕೆಲಸ ಮಾಡುತ್ತಾರೆ, ಯಂತ್ರ ಹೋಗದ ಓಣಿಯಲ್ಲೂ ಕೈಯಲ್ಲೇ ಇಳಿಯುತ್ತಾರೆ. ಅವರನ್ನೇ ಕರೆಸಿ. ಪಾಯದಿಂದಲೂ ಶೌಚದ ಗುಂಡಿಯಿಂದಲೂ ಬಾವಿ ದೂರವಿರಲಿ. ಕಾರು ತೊಳೆದ ನೀರು ಅದಕ್ಕೆ ಸೇರದಿರಲಿ.

"ಇದೆಲ್ಲ ಆಗುವ ಮಾತಾ?" ಎಂದು ಮನಸ್ಸು ಕೇಳಿದರೆ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲೇ ಜಲಮಂಡಳಿಯ ಸಂಪರ್ಕ ಪಡೆಯದೆ 1990ರ ದಶಕದಿಂದ ಮಳೆನೀರಿನಲ್ಲೇ ಆ ಮನೆ ನಡೆದಿದೆ. ಕುಡಿಯುವುದಕ್ಕೇ ಸಾಕಾಗುವ ಮಳೆ ನಿಮ್ಮ ದಾಸವಾಳಕ್ಕೆ ಸಾಲದೇ? ಹೇಗೆ ಮಾಡುವುದೆಂದು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮಂಗಳೂರು, ಉಡುಪಿಯವರ ಪಾಠ ಬೇರೆ. ಅಲ್ಲಿನ ಮಳೆ ಬೆಂಗಳೂರಿನ ಮೂರು ಪಟ್ಟಿಗೂ ಹೆಚ್ಚು. ನೀರಿನ ರಭಸ ಮುರಿಯಲು ಅಂಗಳದ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಬದು ಹಾಕಿ, ಇಲ್ಲವಾದರೆ ಮೇಲ್ಮಣ್ಣೇ ಕೊಚ್ಚಿಹೋಗುತ್ತದೆ.

6. ನೀರು ಅಪರೂಪಕ್ಕೆ ಕೊಡಿ, ಆಳಕ್ಕೆ ಕೊಡಿ

ದಿನಾ ಚಿಮುಕಿಸುವ ಚಾಳಿ ಬಿಡಿ. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರು ಮೇಲೇ ಉಳಿಯುತ್ತದೆ, ಎರಡು ದಿನ ನೀವು ಊರಿಗೆ ಹೋದರೆ ಗಿಡ ಬಾಡುತ್ತದೆ. ಬೆರಳು ಎರಡಿಂಚು ಮಣ್ಣಿಗೆ ಚುಚ್ಚಿ ನೋಡಿ. ತಂಪಿದ್ದರೆ ನೀರು ಬೇಡ. ಒಣಗಿದ್ದರೆ ಬೆಳಿಗ್ಗೆ 7ರ ಒಳಗೆ ಬುಡಕ್ಕೆ ನಿಧಾನವಾಗಿ ಕೊಡಿ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಹಳ್ಳಿಮನೆಯಲ್ಲಿ ಕಲಗಚ್ಚು ಹಸುವಿಗೆ ಹೋಗುತ್ತಿತ್ತು, ನಿಮ್ಮಲ್ಲಿ ಅದು ಬಸಳೆಗೆ ಹೋಗಲಿ. ಆರ್‌ಒ ಯಂತ್ರ ಹೊರಹಾಕುವ ನೀರಿನ ವಿಷಯದಲ್ಲಿ ಎಚ್ಚರ: ಬೋರ್‌ವೆಲ್ ನೀರು ಗಡುಸಾಗಿದ್ದರೆ ಅದರಲ್ಲಿ ಉಪ್ಪಿನಂಶ ಜಾಸ್ತಿ. ಅದನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ.

7. ತರಗೆಲೆಗೆ ಬೆಂಕಿ ಹಚ್ಚಬೇಡಿ

ಫೆಬ್ರವರಿ ಬಂತೆಂದರೆ ಹೊಂಗೆ, ಬಾದಾಮಿ ಎಲೆ ಉದುರುತ್ತವೆ. ಗುಡಿಸಿ ಗುಡ್ಡೆ ಹಾಕಿ ಕಡ್ಡಿ ಗೀರುವುದು ನಮ್ಮ ಬೀದಿಗಳ ರೂಢಿ. ನಿಲ್ಲಿಸಿ. ಬಯಲಲ್ಲಿ ಕಸ ಸುಡುವುದಕ್ಕೆ 2016ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ವಿಧಿಸಿದೆ. ದಂಡದ ಮಾತು ಹಾಗಿರಲಿ, ಆ ಹೊಗೆ ಮೊದಲು ಹೋಗುವುದು ನಿಮ್ಮ ಮನೆಯ ಅಜ್ಜಿಯ ಎದೆಗೆ, ಮಗುವಿನ ಎದೆಗೆ.

ಅದೇ ಎಲೆಯನ್ನು ಗಿಡದ ಬುಡಕ್ಕೆ ಮೂರಿಂಚು ದಪ್ಪ ಹರಡಿ. ಇದೇ ಮಲ್ಚಿಂಗ್, ನಮ್ಮ ರೈತರ ಮಾತಿನಲ್ಲಿ ಹೊದಿಕೆ. ಬಿಸಿಲು ಮಣ್ಣಿಗೆ ನೇರ ತಾಕುವುದಿಲ್ಲ, ತೇವ ಉಳಿಯುತ್ತದೆ, ಕಳೆ ಬೀಜಕ್ಕೆ ಬೆಳಕು ಸಿಗುವುದಿಲ್ಲ, ಅಡಿಯಲ್ಲಿ ಎರೆಹುಳು ಕೆಲಸಕ್ಕೆ ಇಳಿಯುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ಸೋಗೆ, ದರಕು ಹಾಕಿ ತೋಟ ಉಳಿಸಿಕೊಂಡವರು ಅವರು.

8. ಅಡುಗೆಮನೆ ಕಸವನ್ನು ಗೊಬ್ಬರ ಮಾಡಿ

ಎರಡು ಬುಟ್ಟಿ ಸಾಕು, ಒಂದು ತುಂಬುವಾಗ ಇನ್ನೊಂದು ಕಳಿಯುತ್ತಿರುತ್ತದೆ. ಪಕ್ಕದಲ್ಲಿ ತೂತು ಮಾಡಿದ ಪೇಂಟ್ ಬಕೆಟ್ ಆದರೂ ಸರಿ, ಮಣ್ಣಿನ ಮಡಕೆಯಾದರೂ ಸರಿ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣಎಲೆ, ಈ ಅನುಪಾತ ಬಾಯಿಪಾಠ ಮಾಡಿ. ವಾರಕ್ಕೆರಡು ಸಲ ಕೋಲಿನಿಂದ ತಿರುವಿ. ವಾಸನೆ ಬಂತೇ? ಒದ್ದೆ ಜಾಸ್ತಿ, ಒಣಎಲೆ ಸೇರಿಸಿ. ಏನೂ ಆಗದೆ ಹಾಗೇ ಕೂತಿದೆಯೇ? ಒಣಗಿದೆ, ನೀರು ಚಿಮುಕಿಸಿ, ಒಂದು ಲೋಟ ಹುಳಿ ಮಜ್ಜಿಗೆ ಹಾಕಿ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ.

ಸಾಲದಿದ್ದರೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಹೊಂಗೆ ಹಿಂಡಿ ತನ್ನಿ. ಯೂರಿಯಾ ಬೇಡ ಎನ್ನಲು ಕಾರಣವಿದೆ. ಅದರಲ್ಲಿ ಸಾರಜನಕ ಶೇಕಡಾ 46. ಕುಂಡಕ್ಕೆ ಒಂದು ಚಮಚ ಹೆಚ್ಚಾದರೂ ಬೇರು ಸುಡುತ್ತದೆ, ಗಿಡ ಹೀರದೆ ಉಳಿದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಆ ಅಂತರ್ಜಲವನ್ನೇ ನಿಮ್ಮ ಬೋರ್‌ವೆಲ್ ಮೇಲೆತ್ತುವುದು.

9. ಸ್ಪ್ರೇ ಬಾಟಲಿ ಎತ್ತುವ ಮೊದಲು ವಾರ ಕಾಯಿರಿ

ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಜೋರಾಗಿ ನೀರು ಹೊಡೆದು ಉದುರಿಸಿ. ಹೆಚ್ಚಾದ ಕೊಂಬೆ ಕತ್ತರಿಸಿ ಹಾಕಿ. ಕುಡಿಯಲ್ಲಿ ಹೇನು ಹತ್ತಿದರೆ ಅದನ್ನು ತಿನ್ನುವ ಗುಲಗಂಜಿ ಹುಳು ತಾನಾಗಿ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ನೀವು ಅವಸರಪಟ್ಟು ವಿಷ ಹೊಡೆದರೆ ಮೊದಲು ಸಾಯುವುದು ಆ ಮಿತ್ರ. ಹೇನು ಮತ್ತೆ ಹುಟ್ಟುತ್ತದೆ, ಮಿತ್ರ ಅಷ್ಟು ಬೇಗ ಬರುವುದಿಲ್ಲ.

ವಾರವಾದರೂ ಹತೋಟಿಗೆ ಬರದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಜೇನಿಗೂ ತೊಂದರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪುಗಳನ್ನೇ ರೂಪಿಸಿದೆ. ಪ್ಯಾಕೆಟ್ ಮೇಲಿನ ಪ್ರಮಾಣ ಮೀರಬೇಡಿ.

10. ಕಳೆಯನ್ನು ಹೂ ಬಿಡುವ ಮುಂಚೆ ಕೀಳಿ

ಎಲ್ಲ ಕಳೆಯೂ ಶತ್ರುವಲ್ಲ. ತುಂಬೆ ಬಿಡಿ, ನೆಲನೆಲ್ಲಿ ಬಿಡಿ, ಹೊನಗೊನ್ನೆ ಕಿತ್ತು ಸಾರು ಮಾಡಿ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡಕ್ಕೆ ಮಾತ್ರ ದಯೆ ಬೇಡ. ಅದು ಚರ್ಮಕ್ಕೆ ತುರಿಕೆ ತರುತ್ತದೆ, ಉಬ್ಬಸ ಇರುವವರನ್ನು ಕಾಡುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ, ಬಿಳಿ ಹೂ ಬರುವ ಮುನ್ನ, ಕೈಗವಸು ಹಾಕಿ ಬೇರುಸಹಿತ ಎಳೆಯಿರಿ. ಹೂ ಬಿಟ್ಟ ಗಿಡವನ್ನು ಕಾಂಪೋಸ್ಟಿಗೆ ಹಾಕಬೇಡಿ. ಅದರ ಮೇಲೆ ಪಟ್ಟೆಪಟ್ಟೆಯ ಪುಟ್ಟ ದುಂಬಿ ಎಲೆ ಮೇಯುತ್ತಿದ್ದರೆ ಕೊಲ್ಲಬೇಡಿ. ಈ ಕಳೆಯನ್ನು ಹಿಡಿತದಲ್ಲಿಡಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟ ಕೀಟ ಅದು.

ಕಳೆನಾಶಕದ ಯೋಚನೆ ಬಿಡಿ. ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳಷ್ಟೇ ಬಳಸಬೇಕೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಅಂಥದ್ದನ್ನು ಮಗು ಆಡುವ ಅಂಗಳಕ್ಕೆ ತರುವುದೇಕೆ?

11. ಊರಿಗೆ ಒಗ್ಗಿದ ಗಿಡ ನೆಡಿ

ನರ್ಸರಿಗೆ ಪಟ್ಟಿ ಇಲ್ಲದೆ ಹೋಗಬೇಡಿ. ಹೂವಿನ ಮೋಹಕ್ಕೆ ಬಿದ್ದು ಎಂಟು ಗಿಡ ತರುತ್ತೀರಿ, ಎರಡು ಉಳಿಯುತ್ತವೆ. ಬಿಸಿಲಿನ ಕಡೆಗೆ ದಾಸವಾಳ, ಮಲ್ಲಿಗೆ, ನಂದಿಬಟ್ಟಲು, ಪಾರಿಜಾತ. ಹಿತ್ತಲಿಗೆ ಕರಿಬೇವು, ನಿಂಬೆ, ನುಗ್ಗೆ. ಅರೆನೆರಳಿಗೆ ಕನಕಾಂಬರ, ದೊಡ್ಡಪತ್ರೆ. ಬೇಲಿಗೆ ಬಸಳೆ. ಒಮ್ಮೆ ಬೇರೂರಿದರೆ ಇವು ಕಡಿಮೆ ಆರೈಕೆಯಲ್ಲೇ ಬಾಳುತ್ತವೆ, ಪೂಜೆಗೂ ಪಲ್ಯಕ್ಕೂ ಆಗುತ್ತವೆ.

ಕರಿಬೇವಿನ ಎಲೆಯನ್ನು ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ತಿನ್ನುತ್ತಿದ್ದರೆ ಬಿಡಿ, ಅದು ಚಿಟ್ಟೆಯಾಗುತ್ತದೆ. ನಾಲ್ಕು ಎಲೆ ಹೋದರೆ ಒಗ್ಗರಣೆ ಕೆಡುವುದಿಲ್ಲ. ಜಾಗವಿದ್ದರೆ ಮೂಲೆಯಲ್ಲಿ ಎಕ್ಕ ಇರಲಿ, ಪ್ಲೇನ್ ಟೈಗರ್ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಈಶ್ವರಿ ಬಳ್ಳಿ ಸಿಕ್ಕರಂತೂ ತಪ್ಪದೆ ಹಬ್ಬಿಸಿ. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮರಿ ಬೆಳೆಯುವುದು ಆ ಜಾತಿಯ ಬಳ್ಳಿಗಳ ಮೇಲೆಯೇ.

ಮರ ಆರಿಸುವಾಗ 20 ವರ್ಷ ಮುಂದೆ ನೋಡಿ. 30×40 ಸೈಟಿನ ಮೂಲೆಗೆ ಹಲಸು ಹಾಕಿದರೆ ಮುಂದೆ ಪಾಯಕ್ಕೂ ವಿದ್ಯುತ್ ತಂತಿಗೂ ಜಗಳ. ಆಗ ಕಡಿಯೋಣವೆಂದರೆ, ಸೈಟು ನಿಮ್ಮದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಬಹುತೇಕ ಜಾತಿಗಳಿಗೆ ಟ್ರೀ ಆಫೀಸರ್ ಅನುಮತಿ ಬೇಕು.

12. ಸೊಳ್ಳೆಗೆ ಏಳು ದಿನ ಸಿಗದಿರಲಿ

ಡೆಂಗೀ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಕುಂಡದ ತಟ್ಟೆ, ಹಳೆ ಟೈರು, ಹಕ್ಕಿಗಿಟ್ಟ ಬಟ್ಟಲು ಎಲ್ಲವನ್ನೂ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಹಸಿರು ಅಂಗಳ ಅಂದರೆ ಸೊಳ್ಳೆ ಎಂಬ ಅಪವಾದ ನಿಮ್ಮ ಮನೆಗೆ ಬರಬಾರದು.

13. "ನನಗೆ ಕೈಗುಣ ಇಲ್ಲ" ಅನ್ನುವುದನ್ನು ನಿಲ್ಲಿಸಿ

ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗ ಕಲಿತಿರಲ್ಲ? ಇದನ್ನೂ ಹಾಗೇ ಕಲಿಯಿರಿ. ಗಿಡ ಸತ್ತರೆ ಕಿತ್ತು ಬೇರು ನೋಡಿ. ಕಪ್ಪಾಗಿ ಕೊಳೆತಿದ್ದರೆ ನೀರು ಹೆಚ್ಚಾಗಿದೆ, ಒಣಗಿ ಪುಡಿಯಾಗಿದ್ದರೆ ಕಡಿಮೆಯಾಗಿದೆ, ಕುಂಡದೊಳಗೆ ಸುತ್ತಿಕೊಂಡಿದ್ದರೆ ಜಾಗ ಸಾಲದೆ ಹೋಗಿದೆ. ಬೇರೆಯೇ ಕಾರಣವಿದ್ದರೆ ಎಲೆ, ಮಣ್ಣು ಕಟ್ಟಿಕೊಂಡು ನವೆಂಬರ್ ಸುಮಾರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿಮೇಳಕ್ಕೆ ಹೋಗಿ ತಜ್ಞರನ್ನೇ ಕೇಳಿ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳ ಸುತ್ತಲು 15 ನಿಮಿಷ ಮೀಸಲಿಡಿ, ಮೊಬೈಲ್ ಒಳಗಿರಲಿ. ಭಾನುವಾರ ಒಂದು ಗಂಟೆ ಕಾಂಪೋಸ್ಟ್ ತಿರುವಲು, ಕಳೆ ಕೀಳಲು. ಕೆಲಸವನ್ನು ಋತುವಿಗೆ ಹಂಚಿಕೊಳ್ಳಿ. ಫೆಬ್ರವರಿಯಲ್ಲಿ ತರಗೆಲೆ ಕೂಡಿಡಿ, ಕಾಂಪೋಸ್ಟ್ ಶುರು ಮಾಡಿ. ಏಪ್ರಿಲ್ ಮುಗಿಯುವುದರೊಳಗೆ ಟೆರೇಸ್ ಗುಡಿಸಿ, ಡೌನ್‌ಪೈಪ್ ಜಾಲರಿ, ಫಿಲ್ಟರ್ ತೊಳೆಯಿರಿ, ಏಕೆಂದರೆ ಬೆಂಗಳೂರಿಗೆ ಮೇ ತಿಂಗಳಲ್ಲೇ ಗುಡುಗಿನ ಮಳೆ ಬರುತ್ತದೆ. ಜೂನ್‌ನಲ್ಲಿ ನೆಡಿ, ಮೊದಲ ನಾಲ್ಕು ತಿಂಗಳ ನೀರನ್ನು ಆಕಾಶ ನೋಡಿಕೊಳ್ಳುತ್ತದೆ. ಅಕ್ಟೋಬರ್ ಮಳೆ ಮುಗಿದ ಕೂಡಲೇ, ಮಣ್ಣಿನ ತೇವ ಆರುವ ಮುನ್ನ, ಎಲ್ಲ ಬುಡಕ್ಕೂ ಹೊದಿಕೆ ಹಾಕಿ ಮುಗಿಸಿ. ನವೆಂಬರ್‌ಗೆ ಮುಂದೂಡಿದರೆ ಒಣ ಮಣ್ಣಿಗೆ ಹೊದಿಸಿದಂತಾಗುತ್ತದೆ, ಮತ್ತೆ ಪೈಪು ಹಿಡಿಯಬೇಕಾಗುತ್ತದೆ.